ಕೇಳಿದವರು, ಕೇಳದವರು

ನನ್ನ ತಮ್ಮನ ಮಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್‌ಸಿ.ಗೆ ಸೀಟು ಸಿಕ್ಕಿತು. ಹೊರಡುವ ಹಿಂದಿನ ದಿನ ತಿಪಟೂರಿನ ನಮ್ಮ ಮನೆಯ ನಡುಮನೆಯಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡು ಕೂತಿತ್ತು. ಅವಳಮ್ಮ ಒಂದು ಕಡೆಯಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೊಬ್ಬರಿ ಮಿಠಾಯಿ ತುಂಬುತ್ತಿದ್ದರೆ, ಹುಡುಗಿ ಇನ್ನೊಂದು ಕಡೆಯಿಂದ ಅವನ್ನೆಲ್ಲ ತೆಗೆದು ಪುಸ್ತಕಕ್ಕೆ ಜಾಗ ಮಾಡುತ್ತಿದ್ದಳು. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಈ ಹಗ್ಗಜಗ್ಗಾಟ ನೋಡುತ್ತಿದ್ದೆ.

"ಅತ್ತೆ, ನೀವೂ ಗಂಗೋತ್ರಿಯಲ್ಲೇ ಓದಿದವರಲ್ವಾ? ಅಲ್ಲಿ ನಾನು ಏನು ಮಾಡಬೇಕು, ಏನು ಮಾಡಬಾರದು, ಸ್ವಲ್ಪ ಹೇಳಿ" ಎಂದಳು.

ನಾನು ಬಾಯಿಗೆ ಬಂದದ್ದು ಹೇಳಿದೆ. ದುಡ್ಡು ಒಂದೇ ಕಡೆ ಇಡಬೇಡ, ಒದ್ದೆ ತಲೆಯಲ್ಲಿ ಆಚೆ ಹೋಗಬೇಡ, ಮೆಸ್ಸಿನ ಊಟ ಸೇರದಿದ್ದರೂ ಉಪವಾಸ ಮಲಗಬೇಡ. ಹುಡುಗಿ ನಕ್ಕಳು. "ಇದನ್ನೆಲ್ಲ ಅಮ್ಮ ಆಗಲೇ ಹೇಳಿಯಾಯ್ತು. ಓದಿನ ವಿಷಯ ಹೇಳಿ ಅತ್ತೆ."

ಥಟ್ಟನೆ ನನಗೆ ಏನೂ ತೋಚಲಿಲ್ಲ. ಅಲ್ಲಿ ಎರಡು ವರ್ಷ ಇದ್ದು, ಎಂ.ಎ. ಮಾಡಿ, ಆಮೇಲೆ ಇಷ್ಟು ವರ್ಷ ಜೂನಿಯರ್ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದವಳು ನಾನು. ಒಬ್ಬ ಹುಡುಗಿಗೆ ವಿಶ್ವವಿದ್ಯಾನಿಲಯ ಎಂದರೆ ಏನು ಎಂದು ಹೇಳಲು ತಡವರಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಐವತ್ತು ವರ್ಷದ ಹಿಂದಿನದೆಲ್ಲ ಒಂದೊಂದಾಗಿ ಎದ್ದು ಬಂತು.

1974ರಲ್ಲಿ ನಾನು ಮೈಸೂರಿಗೆ ಹೊರಟಾಗ ಸೂಟ್‌ಕೇಸು ಇರಲಿಲ್ಲ. ಅಪ್ಪನ ಹಳೆಯ ಕಬ್ಬಿಣದ ಟ್ರಂಕು. ತಿಪಟೂರಿನಿಂದ ಅರಸೀಕೆರೆ, ಅಲ್ಲಿ ಗಾಡಿ ಬದಲಾಯಿಸಿ ಹಾಸನದ ಮೇಲೆ ಮೈಸೂರು. ಆಗ ಅದೆಲ್ಲ ಮೀಟರ್‌ಗೇಜು. ಗಾಡಿ ಹೋಗುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಾತು ಕಡಿಮೆ. ದಾರಿಯುದ್ದಕ್ಕೂ ಅವರು ಹೇಳಿದ್ದು ಒಂದೇ ಮಾತು: "ಮೇಷ್ಟರು ಹೇಳಿದ್ದನ್ನು ಚೆನ್ನಾಗಿ ಕೇಳು."

ಅಪ್ಪನ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಮೊದಲ ವರ್ಷವಿಡೀ ಕೇಳಿದೆ. ಮೂರನೆಯ ಬೆಂಚಿನ ಗೋಡೆಯ ಕಡೆಯ ತುದಿಯಲ್ಲಿ ಕೂತು, ಮೇಷ್ಟರು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಂಡೆ. ನೋಟ್ಸು ಅಷ್ಟು ದುಂಡಗಿತ್ತು ಎಂದರೆ ಹುಡುಗರು ಕೂಡ ಕಡ ಕೇಳುತ್ತಿದ್ದರು. ಆದರೆ ತಿಳಿಯದಿದ್ದಾಗ ಒಂದು ಸಲವೂ ಕೈಯೆತ್ತಲಿಲ್ಲ. ಲೈಬ್ರರಿಯಲ್ಲಿ ಬೇಕಾದ ಪುಸ್ತಕ ಕಪಾಟಿನಲ್ಲಿ ಕಾಣದಿದ್ದರೆ ಸುಮ್ಮನೆ ಹಿಂದಕ್ಕೆ ಬರುತ್ತಿದ್ದೆ.

ನಮ್ಮ ಕನ್ನಡದಲ್ಲಿ 'ಕೇಳು' ಎನ್ನುವ ಮಾತಿಗೆ ಎರಡು ಅರ್ಥ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಹೆಣ್ಣುಮಕ್ಕಳಿಗೆ ಮನೆಯಲ್ಲಿ ಮೊದಲನೆಯದನ್ನು ಚೆನ್ನಾಗಿ ಕಲಿಸುತ್ತಾರೆ. ಎರಡನೆಯದನ್ನು ಕಲಿಸುವವರು ಕಡಿಮೆ. ನಾನು ಪಾಠ ಹೇಳಿದ ಚರಿತ್ರೆಯಲ್ಲೇ ಅದನ್ನು ಕಲಿತ ಹೆಂಗಸರು ಇದ್ದರು. ಅವರ ಕಥೆ ನನಗೆ ಆ ವಯಸ್ಸಿನಲ್ಲಿ ಗೊತ್ತಿರಲಿಲ್ಲ.

ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಮೊದಲ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಅದಕ್ಕೆ ಮುಂಚೆ ನಮ್ಮವರು ಮೈಸೂರಿನಲ್ಲಿ ಓದಿದರೂ ಪದವಿ ಪರೀಕ್ಷೆ ಮದರಾಸು ವಿಶ್ವವಿದ್ಯಾನಿಲಯದ್ದು. ಹೆಣ್ಣುಮಕ್ಕಳ ಓದಿಗೆ ಮೈಸೂರಿನಲ್ಲಿ ಬೀಜ ಬಿದ್ದದ್ದು ಇನ್ನೂ ಹಿಂದೆ, 1881ರಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆಯಿಂದ. ಆ ಶಾಲೆಯೇ ಬೆಳೆದು ಮಹಾರಾಣಿ ಕಾಲೇಜಾಯಿತು.

ಬಾಗಿಲು ತೆರೆದಿತ್ತು ನಿಜ. ಒಳಗೆ ಕಾಲಿಟ್ಟವರು ಎಷ್ಟು ಮಂದಿ? ವಿಶ್ವವಿದ್ಯಾನಿಲಯ ಹುಟ್ಟಿದ ದಿನಗಳಲ್ಲೇ ಪಕ್ಕದ ನಂಜನಗೂಡಿನಲ್ಲಿ ತಿರುಮಲಾಂಬ ಎಂಬ ಹೆಣ್ಣುಮಗಳಿದ್ದರು. ಹುಟ್ಟಿದ್ದು 1887ರಲ್ಲಿ. ಹದಿನಾಲ್ಕರ ಸುಮಾರಿಗೆ ವಿಧವೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ತಂದೆಯ ಬೆಂಬಲದಿಂದ ಮನೆಯಲ್ಲೇ ಓದಿ ಕಲಿತರು. 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಆರಂಭಿಸಿ ಕಾದಂಬರಿ ಬರೆದರು, ಪ್ರಕಟಿಸಿದರು, ಪತ್ರಿಕೆಯನ್ನೂ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರದೂ ಅಂಥದೇ ಬಾಳು. ಬಾಲವಿಧವೆ. ಅವರು 1921ರಲ್ಲಿ 'ಸರಸ್ವತಿ' ಪತ್ರಿಕೆ ಆರಂಭಿಸಿ ದಶಕಗಳ ಕಾಲ ನಡೆಸಿದರು. 1938ರಲ್ಲಿ ಮಕ್ಕಳಿಗಾಗಿ 'ಮಕ್ಕಳ ಕೂಟ' ಕಟ್ಟಿದರು. ಸೀಟು ಸಿಗದವರು ಮನೆಯ ಮೂಲೆಯಲ್ಲೇ ಒಂದು ವಿದ್ಯಾಪೀಠ ಮಾಡಿಕೊಂಡರು. ಸೀಟು ಸಿಕ್ಕಿದ ನಾವು ಗೋಡೆಯ ಕಡೆ ಸರಿದು ಕೂತೆವು ಎಂದು ನೆನೆದರೆ ನಾಚಿಕೆಯಾಗುತ್ತದೆ.

ಇನ್ನು ಕಮಲಾ ಭಾಗವತ್ ಅವರ ಕಥೆ. ಮದುವೆಯಾದ ಮೇಲೆ ಕಮಲಾ ಸೊಹೊನಿ ಎಂದು ಹೆಸರಾದವರು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ 1933ರಲ್ಲಿ ಬಿ.ಎಸ್‌ಸಿ. ಮುಗಿಸಿದರು. ತಂದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಓದಿದವರು. ಮಗಳಿಗೂ ಅಲ್ಲೇ ಓದುವ ಆಸೆ. ಅದೇ ವರ್ಷ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅವರು ಅರ್ಜಿ ತಿರಸ್ಕರಿಸಿದರು.

ನಾನಾಗಿದ್ದರೆ ಅರ್ಜಿಯನ್ನು ಮಡಚಿಟ್ಟು ಅಳುತ್ತಿದ್ದೆ. ಕಮಲಾ ಬೆಂಗಳೂರಿಗೇ ಬಂದರು. ನಿಯಮದಲ್ಲಿ ಎಲ್ಲಿದೆ, ಕಾರಣ ಕೊಡಿ ಎಂದು ಕೇಳಿದರು. ಉತ್ತರ ಬರುವ ತನಕ ಕದಲುವುದಿಲ್ಲ ಎಂದು ಗಾಂಧೀಜಿಯ ದಾರಿ ಹಿಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ವರ್ಷ ರೆಗ್ಯುಲರ್ ವಿದ್ಯಾರ್ಥಿ ಎಂದು ಪರಿಗಣಿಸುವುದಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಹೊತ್ತಿನಲ್ಲೂ ಕೆಲಸ ಮಾಡಬೇಕು. ಪ್ರಯೋಗಶಾಲೆಯ ವಾತಾವರಣ ಕೆಡಿಸಬಾರದು. ಈ ಮೂರನೆಯ ಷರತ್ತು ಓದಿದಾಗ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಕಮಲಾ ಅವರಿಗೂ ಉರಿದಿತ್ತು; ಆ ಅವಮಾನವನ್ನು ಅವರು ಕಡೆಯವರೆಗೂ ಮರೆಯಲಿಲ್ಲ. ಆದರೂ ಒಪ್ಪಿ ಒಳಗೆ ಹೋದರು. ಶ್ರೀನಿವಾಸಯ್ಯ ಎಂಬ ಅಧ್ಯಾಪಕರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ದುಡಿದರು. ವರ್ಷ ಕಳೆಯುವ ಹೊತ್ತಿಗೆ ರಾಮನ್ ಅವರಿಗೂ ಮನವರಿಕೆಯಾಯಿತು. ಕಮಲಾ ರೆಗ್ಯುಲರ್ ವಿದ್ಯಾರ್ಥಿನಿಯಾದರು. ಅವರ ಹಿಂದೆ ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು.

ಆಮೇಲೆ ಅವರು ಕೇಂಬ್ರಿಜ್‌ಗೆ ಹೋಗಿ, ಸಸ್ಯಗಳ ಜೀವಕೋಶದಲ್ಲಿಯೂ 'ಸೈಟೋಕ್ರೋಮ್ ಸಿ' ಎಂಬ ವಸ್ತುವಿದೆ ಎಂದು ತೋರಿಸಿ, 1939ರಲ್ಲಿ ಪಿಎಚ್.ಡಿ. ಪಡೆದರು. ಅದಕ್ಕೆ ದಾರಿ ಮಾಡಿದ್ದು ನಮ್ಮ ಅಡುಗೆಮನೆಯ ಆಲೂಗೆಡ್ಡೆ. ಮುಂದೆ ಮುಂಬಯಿಯಲ್ಲಿ, ತಾಳೆ ಜಾತಿಯ ಮರಗಳಿಂದ ಇಳಿಸುವ ನೀರಾದ ಪೌಷ್ಟಿಕ ಗುಣದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಸಾಕಷ್ಟು ಊಟವಿಲ್ಲದ ಬಸುರಿಯರಿಗೂ ಬೆಳೆಯುವ ಮಕ್ಕಳಿಗೂ ಅದು ಬಲ ಕೊಡುತ್ತದೆ ಎಂದು ಕಂಡುಕೊಂಡರು. ತೆಂಗಿನ ಸೀಮೆಯವಳಾದ ನನಗೆ ಆ ಸಂಶೋಧನೆ ಕೇಂಬ್ರಿಜ್ ಪದವಿಗಿಂತ ದೊಡ್ಡದಾಗಿ ಕಾಣುತ್ತದೆ.

ಅನ್ನಾ ಮಣಿ ಅವರದು ಇನ್ನೊಂದು ಪಾಠ. 1940ರಲ್ಲಿ ಸ್ಕಾಲರ್‌ಷಿಪ್ ಪಡೆದು ಬೆಂಗಳೂರಿಗೆ ಬಂದು ರಾಮನ್ ಅವರ ಪ್ರಯೋಗಶಾಲೆ ಸೇರಿದರು. ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳ ಮೇಲೆ ಕೆಲಸ. ಒಂದು ಚಿತ್ರ ಮೂಡಲು ಹದಿನೈದಿಪ್ಪತ್ತು ಗಂಟೆ ಕಾಯಬೇಕಾಗಿದ್ದ ಕಾಲ. ಎಷ್ಟೋ ರಾತ್ರಿ ಪ್ರಯೋಗಶಾಲೆಯಲ್ಲೇ ಕಳೆದರು. ಐದು ಪ್ರಬಂಧ ಪ್ರಕಟಿಸಿದರು, ಮಹಾಪ್ರಬಂಧವನ್ನೂ ಒಪ್ಪಿಸಿದರು. ಆದರೆ ಪದವಿ ಕೊಡಬೇಕಾಗಿದ್ದದ್ದು ಮದರಾಸು ವಿಶ್ವವಿದ್ಯಾನಿಲಯ. ಅವರಲ್ಲಿದ್ದದ್ದು ಬಿ.ಎಸ್‌ಸಿ. ಆನರ್ಸ್, ಎಂ.ಎಸ್‌ಸಿ. ಇಲ್ಲ ಎಂಬ ಕಾರಣಕ್ಕೆ ಪಿಎಚ್.ಡಿ. ಸಿಗಲಿಲ್ಲ. ಅವರು ಅಲ್ಲೇ ಕೂತು ಕೊರಗಲಿಲ್ಲ. ಇಂಗ್ಲೆಂಡಿನಲ್ಲಿ ಹವಾಮಾನದ ಉಪಕರಣಗಳ ವಿಷಯ ಕಲಿತು ಬಂದು, 1948ರಲ್ಲಿ ಹವಾಮಾನ ಇಲಾಖೆ ಸೇರಿ, ಮಳೆ-ಬಿಸಿಲು-ಗಾಳಿ ಅಳೆಯುವ ಉಪಕರಣಗಳು ನಮ್ಮ ದೇಶದಲ್ಲೇ ತಯಾರಾಗುವಂತೆ ಮಾಡಿದರು. ಪದವಿಯ ಕಾಗದ ಇಲ್ಲದೆಯೂ ವಿದ್ಯೆ ನಿಲ್ಲುತ್ತದೆ. ಹಾಗೆಂದು ಕಾಗದವನ್ನು ಅಸಡ್ಡೆ ಮಾಡುವ ಹಾಗೂ ಇಲ್ಲ. ಸೇರಿದ ಮೊದಲ ವಾರವೇ ನಿಯಮದ ಪುಸ್ತಕ ಓದಬೇಕು ಎಂದು ನಾನು ನನ್ನ ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದದ್ದು ಈ ಕಥೆ ತಿಳಿದ ಮೇಲೆ.

ನಮ್ಮವರೇ ಆದ ರಾಜೇಶ್ವರಿ ಚಟರ್ಜಿ ಅವರನ್ನು ಹೇಗೆ ಬಿಡಲಿ? 1922ರಲ್ಲಿ ಹುಟ್ಟಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟವರ ಓದಿಗಾಗಿ ಶ್ರಮಿಸಿದವರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಎಂ.ಎಸ್‌ಸಿ. ಮಾಡಿದರು. ಗಣಿತದವರು ಗಣಿತದಲ್ಲೇ ಇರಬೇಕೆಂದು ಕೂರಲಿಲ್ಲ. 1943ರಲ್ಲಿ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ, ಇನ್ನೂ ಮದುವೆಯಾಗದ ಹುಡುಗಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೊರಟರು. 1953ರಲ್ಲಿ ಡಾಕ್ಟರೇಟ್ ಮುಗಿಸಿ ಹಿಂದಿರುಗಿ, ತಾವು ಕಲಿತ ಸಂಸ್ಥೆಯಲ್ಲೇ ಅಧ್ಯಾಪಕರಾಗಿ, ಮೈಕ್ರೋವೇವ್ ಮತ್ತು ಆಂಟೆನಾ ವಿಷಯದಲ್ಲಿ ಇಪ್ಪತ್ತು ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು. ಅಜ್ಜಿ ಓದಿದ್ದರೆ ಮೊಮ್ಮಗಳ ದಾರಿ ಎಷ್ಟು ಸಲೀಸು ನೋಡಿ.

ವಿಜ್ಞಾನ ಓದಿದವರು ಮಾತ್ರ ಹೀಗೆ ಎಂದುಕೊಳ್ಳಬೇಡಿ. ನಮ್ಮೆಲ್ಲರ ಮೆಚ್ಚಿನ ತ್ರಿವೇಣಿ ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ಕ್ಲಾಸಿನಲ್ಲಿ ಕೇಳಿದ್ದನ್ನು ಪರೀಕ್ಷೆಯ ಹಾಳೆಯಲ್ಲಿ ಬರೆದು ಮರೆಯದೆ, ಮನೆಯೊಳಗಿನ ಹೆಂಗಸಿನ ಮನಸ್ಸನ್ನು ಅದರ ಬೆಳಕಿನಲ್ಲಿ ನೋಡಿದರು. 'ಶರಪಂಜರ'ದ ಕಾವೇರಿಯನ್ನು ಓದಿ ನಮ್ಮಮ್ಮ, "ಹುಚ್ಚು ಅಂತ ಬೀದಿಯವರು ಅಂದವರಿಗೆಲ್ಲ ಹುಚ್ಚೇ ಇರಲಿಲ್ಲ ಕಣೆ" ಎಂದದ್ದು ನನಗೆ ನೆನಪಿದೆ. ನಾಲ್ಕನೆಯ ಕ್ಲಾಸು ಓದಿದ ಅಮ್ಮನಿಗೆ ಮನಶ್ಶಾಸ್ತ್ರ ತಲುಪಿದ್ದು ಹಾಗೆ.

ಈಗ ನನ್ನ ಕಥೆ. ಇದನ್ನು ಯಾರಿಗೂ ಹೇಳಿಲ್ಲ. ಬರೆಯುತ್ತಿರುವುದು ಇದೇ ಮೊದಲು.

ಎರಡನೆಯ ವರ್ಷದ ಆರಂಭದಲ್ಲಿ ಒಂದು ಭಾನುವಾರ ಗೆಳತಿಯರ ಜೊತೆ ಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಲ್ಲಿ ಇಟ್ಟಿದ್ದ ಸಾಮಾನು ನೋಡಿ ಬೆರಗಾದೆ. ಅರ್ಧಕ್ಕರ್ಧ ನಮ್ಮಜ್ಜಿಯ ಅಟ್ಟದ ಮೇಲೆ ಬಿದ್ದಿದ್ದವೇ! ನಮ್ಮ ಮನೆಯದೂ ಚರಿತ್ರೆಯೇ ಎಂದು ಅನ್ನಿಸಿದ್ದು ಅವತ್ತು. ಮಾರನೆಯ ದಿನ ಧೈರ್ಯ ಮಾಡಿ ಲೈಬ್ರರಿಯವರನ್ನು ಕೇಳಿದೆ: "ಸಾರ್, ತಿಪಟೂರಿನ ವಿಷಯ ಏನಾದರೂ ಪುಸ್ತಕ ಇದೆಯಾ?" ಅವರು ಒಳಗೆ ಹೋಗಿ ದಪ್ಪದೊಂದು ಸಂಪುಟ ತಂದು ಮೇಜಿನ ಮೇಲಿಟ್ಟರು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ', ಹನ್ನೆರಡನೆಯ ಸಂಪುಟ, ತುಮಕೂರು ಜಿಲ್ಲೆಯ ಶಾಸನಗಳು. ತಿಪಟೂರು ತಾಲ್ಲೂಕಿಗೇ ಪ್ರತ್ಯೇಕ ಭಾಗ. ನಾನು ಸಣ್ಣವಳಿದ್ದಾಗ ಬುತ್ತಿ ಬಿಚ್ಚಿ ತಿಂದ ಗುಡಿಗಳ, ಕೆರೆ ಏರಿಗಳ ಹೆಸರು ಅಲ್ಲಿ ಅಚ್ಚಾಗಿತ್ತು. ಒಂದು ವರ್ಷದಿಂದ ಆ ಪುಸ್ತಕ ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಕೇಳಿರಲಿಲ್ಲ, ಅಷ್ಟೆ.

ಆಮೇಲೆ ಸೀಮೆಯ ಮಾಸ್ತಿಕಲ್ಲು, ವೀರಗಲ್ಲುಗಳ ಬಗ್ಗೆ ಒಂದು ಸಣ್ಣ ಪ್ರಬಂಧ ಬರೆದೆ. ನಮ್ಮ ಪ್ರೊಫೆಸರು ಕರೆದು, "ಇದನ್ನು ಮುಂದುವರಿಸಮ್ಮ. ರಿಸರ್ಚಿಗೆ ಅರ್ಜಿ ಹಾಕು. ಸ್ಕಾಲರ್‌ಷಿಪ್ಪಿಗೆ ನಾನು ಬರೆದುಕೊಡ್ತೀನಿ. ಮನೆಯಲ್ಲಿ ಒಂದು ಮಾತು ಕೇಳಿಕೊಂಡು ಬಾ" ಎಂದರು.

ಹಾಸ್ಟೆಲಿಗೆ ಬಂದು ಇನ್‌ಲ್ಯಾಂಡ್ ಲೆಟರ್ ತೆಗೆದುಕೊಂಡು ಕೂತೆ. 'ತೀರ್ಥರೂಪರವರ ಸನ್ನಿಧಿಯಲ್ಲಿ' ಎಂದು ಬರೆದೆ. ಮುಂದಕ್ಕೆ ಕೈ ಓಡಲಿಲ್ಲ. ತಂಗಿ ಇದ್ದಾಳೆ, ತಮ್ಮ ಓದಬೇಕು, ನನ್ನ ಮದುವೆಯ ಮಾತು ನಡೆದಿದೆ, ಅಪ್ಪ ಬೇಡ ಎನ್ನುತ್ತಾರೆ; ಸುಮ್ಮನೆ ಯಾಕೆ ಕೇಳಿ ಅವರಿಗೆ ಸಂಕಟ ಕೊಡುವುದು? ಹೀಗೆ ಅಪ್ಪನ ಉತ್ತರವನ್ನೂ ನಾನೇ ಬರೆದುಕೊಂಡೆ. ಆ ಕಾಗದವನ್ನು ಟ್ರಂಕಿನ ತಳದ ಪೇಪರಿನ ಕೆಳಗೆ ಸೇರಿಸಿದೆ. ಪ್ರೊಫೆಸರಿಗೆ, "ಮನೆಯಲ್ಲಿ ಒಪ್ಪಲಿಲ್ಲ ಸಾರ್" ಎಂದೆ. ಅವರು ಬೇಸರದಿಂದ ತಲೆಯಾಡಿಸಿದರು.

ಅದು ಸುಳ್ಳು. ನನ್ನ ಜೀವನದಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅದೇ, ಹೇಳಿದ್ದೂ ನನಗೆ ನಾನೇ ಕೇಡು ಮಾಡಿಕೊಳ್ಳಲು.

ಎಷ್ಟೋ ವರ್ಷ ಕಳೆದು, ಅಪ್ಪ ಹಾಸಿಗೆ ಹಿಡಿದಿದ್ದಾಗ, ಟ್ರಂಕು ಖಾಲಿ ಮಾಡುವಾಗ ಆ ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು. ನಗುನಗುತ್ತಾ ಅಪ್ಪನಿಗೆ ಹೇಳಿದೆ. ಅಪ್ಪ ನಗಲಿಲ್ಲ. ಬಹಳ ಹೊತ್ತು ಸೂರು ನೋಡುತ್ತಾ ಮಲಗಿದ್ದು, "ನೀನು ಕೇಳಿದ್ದರೆ ನಾನು ಬೇಡ ಅಂತಿದ್ದೆನೇನಮ್ಮ?" ಎಂದರು.

ಬೇಡ ಎನ್ನುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ವಯಸ್ಸಾದ ಮೇಲೆ ತಂದೆಯರ ಮನಸ್ಸು ಮೆತ್ತಗಾಗುತ್ತದೆ. 1976ರ ಅಪ್ಪ ಬೇರೆಯೇ ಇದ್ದರು. ಬೇಡ ಅಂದಿದ್ದರೆ ಅದು ಅವರ ಉತ್ತರವಾಗಿರುತ್ತಿತ್ತು. ಈಗ ಉಳಿದಿರುವುದು ನನ್ನದೇ ಕೈಬರಹ. ನನ್ನ ಬಾಳು ಕೆಟ್ಟಿತು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮನೆ, ಒಳ್ಳೆಯ ಕೆಲಸ, ನೂರಾರು ವಿದ್ಯಾರ್ಥಿಗಳು ಸಿಕ್ಕಿದರು. ಆದರೆ ಊರಾಚೆಯ ಮಾಸ್ತಿಕಲ್ಲಿನ ಮುಂದೆ ಹಾದುಹೋಗುವಾಗ ಇವತ್ತಿಗೂ ತಲೆ ತಗ್ಗುತ್ತದೆ.

ಬೆಳಗಾಗುವ ಹೊತ್ತಿಗೆ ಹುಡುಗಿಗೆ ಹೇಳಬೇಕಾದದ್ದು ಸ್ಪಷ್ಟವಾಗಿತ್ತು. ಕಾಫಿ ಕುಡಿಯುತ್ತಾ ಹೇಳಿದೆ.

"ನೋಡು ಪುಟ್ಟಿ, ಮುಂದಿನ ಬೆಂಚಿನಲ್ಲಿ ಕೂತ್ಕೋ. ವಾರಕ್ಕೆ ಒಂದು ಪ್ರಶ್ನೆಯಾದರೂ ಕೇಳು. ದಡ್ಡ ಪ್ರಶ್ನೆಯಾದರೂ ಸರಿ. ಲೈಬ್ರರಿಯವರ ಪರಿಚಯ ಮೊದಲ ವಾರವೇ ಮಾಡ್ಕೋ. ಸ್ಕಾಲರ್‌ಷಿಪ್ಪು, ಹಾಜರಿ, ಪರೀಕ್ಷೆ, ಇವುಗಳ ನಿಯಮ ನೀನೇ ಓದು, ಅವರಿವರ ಮಾತು ನಂಬಬೇಡ. ನಿನ್ನ ವಿಭಾಗ ಬಿಟ್ಟು ಬೇರೆ ವಿಭಾಗದ ಉಪನ್ಯಾಸಕ್ಕೂ ಹೋಗು. ದೇಶ ಸುತ್ತು, ಕೋಶ ಓದು ಅಂತಾರೆ. ಗಂಗೋತ್ರಿಯಲ್ಲಿ ಎರಡನ್ನೂ ನಡೆದುಕೊಂಡೇ ಮಾಡಬಹುದು. ಸಾಯಂಕಾಲ ಕುಕ್ಕರಹಳ್ಳಿ ಕೆರೆಯ ಮೇಲೆ ಓಡಾಡು, ಒಬ್ಬಳೇ ಅಲ್ಲ, ಗೆಳತಿಯರ ಜೊತೆ; ಅಲ್ಲಿ ಆಡಿದ ಮಾತು ಕ್ಲಾಸಿನ ಪಾಠಕ್ಕಿಂತ ಹೆಚ್ಚು ದಿನ ಉಳಿಯುತ್ತೆ. ಮನಸ್ಸು ಭಾರವಾದರೆ ಫೋನ್ ಮಾಡು, ಮುಚ್ಚಿಡಬೇಡ. ಏನಾದರೂ ಬೇಕು ಅನ್ನಿಸಿದರೆ ನಿಮ್ಮಪ್ಪನನ್ನು ಬಾಯಿಬಿಟ್ಟು ಕೇಳು. ಅವನ ಉತ್ತರ ಅವನೇ ಹೇಳಲಿ."

ತಮ್ಮ ಪೇಪರು ಓದುತ್ತಾ ಕೂತಿದ್ದವನು ತಲೆಯೆತ್ತಿ ನನ್ನನ್ನು ನೋಡಿದ. ಅಕ್ಕ ಓದು ನಿಲ್ಲಿಸಿದ್ದರಿಂದ ತನ್ನ ಓದು ನಡೆಯಿತೇನೋ ಎಂಬ ಅನುಮಾನ ಅವನಿಗೆ ಅವತ್ತು ಬಂತೋ ಏನೋ. ಏನೂ ಕೇಳಲಿಲ್ಲ. ಸೂಟ್‌ಕೇಸನ್ನು ಎತ್ತಿ ಆಟೋದಲ್ಲಿಟ್ಟ.

ತಾಯಂದಿರಿಗೆ ಒಂದು ಮಾತು. ಮಗಳನ್ನು ಹಾಸ್ಟೆಲಿಗೆ ಕಳಿಸುವಾಗ ನಾವು ಹತ್ತು 'ಬೇಡ' ಹೇಳಿ ಕಳಿಸುತ್ತೇವೆ. ಹೇಳಬಾರದು ಎನ್ನುವುದಿಲ್ಲ, ಕಾಲ ಹಾಗಿದೆ. ಆದರೆ ಅದರ ಜೊತೆಗೆ, 'ಕೇಳು, ನಾವು ಇದ್ದೇವೆ' ಎಂಬ ಒಂದು ಮಾತನ್ನೂ ಡಬ್ಬಿಯಲ್ಲಿ ಹಾಕಿಕೊಡಿ. ಕೂಸು ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳಂತೆ. ಅಳಬೇಡ ಎಂದು ಕಲಿಸಿ ಬೆಳೆಸಿದ ಕೂಸು ಏನು ಮಾಡೀತು?

ಹತ್ತು ದಿನ ಕಳೆದ ಮೇಲೆ ಹುಡುಗಿಯ ಫೋನ್ ಬಂತು. ಮೆಸ್ಸಿನ ಸಾರು ನೀರು, ರೂಮಿನ ಹುಡುಗಿ ಧಾರವಾಡದವಳು, ಗೊಜ್ಜು ಆಗಲೇ ಮುಗಿದುಹೋಯಿತು, ಇನ್ನೊಂದು ಡಬ್ಬಿ ಕಳಿಸಬೇಕಂತೆ.

"ಅತ್ತೆ, ಇವತ್ತು ಕ್ಲಾಸಲ್ಲಿ ಪ್ರಶ್ನೆ ಕೇಳಿದೆ."

"ಭೇಷ್. ಏನಾಯ್ತು?"

"ಹಿಂದಿನ ಬೆಂಚಿನವರೆಲ್ಲ ನಕ್ಕುಬಿಟ್ಟರು."

"ಮೇಷ್ಟರು?"

"ಅವರು ನಗಲಿಲ್ಲ. ಬೋರ್ಡಿನ ಹತ್ತಿರ ಹೋಗಿ ಮೊದಲಿಂದ ಹೇಳಿದರು."

ಫೋನ್ ಇಟ್ಟು ಒಳಗೆ ಹೋಗಿ ಹುಣಿಸೆಹಣ್ಣು ನೆನೆಹಾಕಿದೆ.